ಪಂಟ್ ಕಲಿಯೋರಿಗೆ ಯಾವ ಬಾಲ್? ಕಲಬುರ್ಗಿ ಬಿಸಲಾಗ ಹೊಡ್ದು ನೋಡಿದ ಅಮೆರಿಕನ್ ಫುಟ್ಬಾಲ್ ರಿವ್ಯೂ

5ಕ್ಕ 4 ಸ್ಟಾರ್ ಕೊಡ್ತೀನ್ರಿ. ಒಂದ್ ಸ್ಟಾರ್ ಯಾಕ ಕಟ್ ಮಾಡೀನಿ ಅನ್ನೋದು ಕೆಳಗ ಬರ್ತದ, ಅದು ಬಾಲಿಂದು ತಪ್ಪಲ್ಲ, ಮಾರಿದವ್ರದ್ದು. ಬಾಲ್ ಮಾತ್ರ ಛೊಲೋ ಅದ, ಪಂಟ್ (ಬಾಲ್ ಕೈಯಿಂದ ಬಿಟ್ಟು ನೆಲಕ್ಕ ಬೀಳೋದ್ರಾಗ ಒದಿಯೋದು) ಹೊಡಿಲಾಕ ಕಲಿಬೇಕು ಅನ್ನೋರು ಯಾರರೆ ಕಲಬುರ್ಗಿ, ಬೀದರ, ಯಾದಗಿರಿ ಕಡಿ ಇದ್ರ ಇಂಥದೇ ತಗೋರಿ. ನಾ ತಗೊಂಡಿದ್ದು ಫುಲ್ ಸೈಜಿನ ಕಾಂಪೋಸಿಟ್ ಅಮೆರಿಕನ್ ಫುಟ್ಬಾಲ್, ಅಂದ್ರ ಖರೇ ಚರ್ಮದ್ದಲ್ಲ, ಚರ್ಮದಂಗ ಕಾಣೋ ಸಿಂಥೆಟಿಕ್ದು. ನಾ ಇಲ್ಲಿ ಸಾಲಿ ಹುಡುಗ್ರಿಗೆ ಫುಟ್ಬಾಲ್ ಕಲಸೋ ಪಿಟಿ ಮಾಸ್ತರ, ಗೋಲ್‌ಕೀಪರ್ ಹುಡುಗ್ರ ಮ್ಯಾಲ ನಂದು ಜರಾ ಜಾಸ್ತಿ ಲಕ್ಷ್ಯ, ಮತ್ತ ಎನ್ಎಫ್ಎಲ್ (ಅಮೆರಿಕಾದ ದೊಡ್ಡ ಫುಟ್ಬಾಲ್ ಲೀಗ್) ನ್ಯಾಗ ಬಾಕಿ ಮಂದಿ ಬಾಲ್ ಎಸಿಯೋ ಕ್ವಾರ್ಟರ್‌ಬ್ಯಾಕ್ ನೋಡ್ತಾರ, ನಾ ಪಂಟರ್ ನೋಡ್ತೀನಿ. ಆನ್‌ಲೈನ್ ನ್ಯಾಗ ಈ ಬಾಲಿಗೆ ರಿವ್ಯೂ ಬರ್ದೋರೆಲ್ಲಾ ಎಸಿಯೋದು, ಹಿಡಿಯೋದು ಅಷ್ಟೇ ಬರ್ದಾರ, "ಗ್ರಿಪ್ ಗುಡ್" "ನೈಸ್ ಪ್ರಾಡಕ್ಟ್" ಅಂತ. ಕಾಲಿಲೆ ಹೊಡ್ದವ್ರು ಒಬ್ರೂ ಬರ್ದಿಲ್ಲ, ಅದ್ಕೇ ಇಷ್ಟ್ ಉದ್ದ ಬರಿಲತ್ತೀನಿ.

ಪಂಟ್ ಅಂದ್ರ ಏನಂತ ಗೊತ್ತಿರಲಾರದವ್ರಿಗೆ ಬಡಾಬಡಾ ಹೇಳ್ತೀನಿ. ಅಮೆರಿಕನ್ ಫುಟ್ಬಾಲ್ ದಾಗ ಒಂದ್ ಟೀಮಿಗೆ 10 ಯಾರ್ಡ್ ಮುಂದ ಹೋಗ್ಲಾಕ ನಾಕ್ ಚಾನ್ಸ್ ಸಿಗ್ತಾವ. ಮೂರರಾಗ ಆಗ್ಲಿಲ್ಲಂದ್ರ ನಾಕನೇದ್ರಾಗ ರಿಸ್ಕ್ ತಗೋಳೋಕಿಂತ ಬಾಲ್ ಎದುರಿನವ್ರಿಗೆ ಆದಷ್ಟ್ ದೂರ ಒದ್ದು ಕೊಟ್ಬಿಡ್ತಾರ, ಅಂದ್ರ ಅವ್ರು ಅಲ್ಲಿಂದ ಇಲ್ಲೀತನ ನಡ್ಕೊಂಡ್ ಬರಬೇಕು. ಆ ಒದಿಯೋ ಮನುಷ್ಯಾನೇ ಪಂಟರ್. ಇಡೀ ಟೀಮಿಗೆ ಒಬ್ಬವ, ಒಂದ್ ಮ್ಯಾಚಿಗೆ ಹೆಚ್ಚುಕಡಿಮಿ ನಾಕೈದ್ ಸಲ ಫೀಲ್ಡಿಗೆ ಬರ್ತಾನ. ಸುಮಾರು 15 ಯಾರ್ಡ್ ಹಿಂದ ನಿಂತಿರ್ತಾನ, ಮುಂದಿಂದ ಒಬ್ಬವ ಕಾಲ್ ನಡಬರಕಿಂದ ಬಾಲ್ ಎಸಿತಾನ (ಇದಕ್ಕ ಸ್ನ್ಯಾಪ್ ಅಂತಾರ), ಹಿಡದು, ಹೆಜ್ಜಿ ಹಾಕಿ, ಒದ್ದು ಮುಗಸೋದ್ರಾಗ ಎಲ್ಲಾ ಸೇರಿ 2 ಸೆಕೆಂಡ್ ಆಜೂಬಾಜೂ. ಅಷ್ಟರಾಗ 100 ಕೆಜಿ ಮ್ಯಾಲಿನ ಮಂದಿ ಅವನ ಮೈಮ್ಯಾಲೇ ಓಡಿ ಬರ್ಲತ್ತಿರ್ತಾರ.

ಈಗ ಬಾಲ್. ಕೈಯಾಗ ಹಿಡದ್ರ ಮೊದಲ ಗೊತ್ತಾಗೋದು ತೂಕ ನಮ್ಮ ಫುಟ್ಬಾಲಿನಷ್ಟೇ ಅದ ಅನ್ನೋದು. ನಿಯಮದ ಪ್ರಕಾರ ಇದು 14 ರಿಂದ 15 ಔನ್ಸ್, ಅಂದ್ರ 400 ರಿಂದ 425 ಗ್ರಾಂ ಹತ್ರ, ನಮ್ಮ 5 ನಂಬರ್ ಫುಟ್ಬಾಲ್ 410 ರಿಂದ 450. ಉದ್ದ 11 ಇಂಚಿನ ಮ್ಯಾಲ ಒಂದೀಟು. ನಂದು ನಮ್ಮ ಓಣಿ ಕಿರಾಣಿ ಅಂಗಡಿ ತಕ್ಕಡಿ ಮ್ಯಾಲ ಇಟ್ಟು ನೋಡೀನಿ, ಬರೋಬ್ಬರಿ ಆ ಲೆಕ್ಕದಾಗೇ ಬಂತು, ಇದು ಖುಷಿ ಆಯ್ತು ಯಾಕಂದ್ರ ಸಸ್ತಾ ರಬ್ಬರ್ ಬಾಲ್‌ಗೋಳು ಕೆಲವು ಹಗೂರ ಇರ್ತಾವ, ಗಾಳಿಗೆ ಎಲ್ಲೋ ಹೋಗ್ತಾವ, ಅದ್ರಾಗ ಪಂಟ್ ಕಲ್ತ್ರ ಖರೇ ಬಾಲ್ ಬಂದಾಗ ಕಾಲ್ ಗೊಂದಲಾಗ್ತದ. ಮೈ ಮ್ಯಾಲ ಸಣ್ಣ ಸಣ್ಣ ಬೊಬ್ಬಿ ಇದ್ದಂಗ ಉಬ್ಬು ಅವ, ಬೆವರಿದ ಕೈಗೂ ಜಾರಲ್ಲ. ಲೇಸ್ ಗಟ್ಟಿ ಹೊಲದಾರ, ಬಿಳೇದು, ಒಂದೂ ಸಡ್ಲಾಗಿಲ್ಲ ಇನ್ನೂ. ಎರಡೂ ಕಡಿ ಚೂಪು ತುದಿ ಸೀದಾ ಒಂದೇ ಗೆರಿಮ್ಯಾಲ ಅವ, ಇದು ಭಾಳ ಮುಖ್ಯ, ತುದಿ ಜರಾ ಸೊಟ್ಟ ಇದ್ರ ನೀವೆಷ್ಟ್ ಛಂದ ಹೊಡದ್ರೂ ಬಾಲ್ ಗಾಳ್ಯಾಗ ಅಲಗಾಡ್ತದ. ಎನ್ಎಫ್ಎಲ್ ನ್ಯಾಗ ಆಡೋ ಬಾಲ್ 1941 ರಿಂದ ವಿಲ್ಸನ್ ಕಂಪನಿದು, ಓಹಾಯೋ ರಾಜ್ಯದ ಏಡಾ ಅನ್ನೋ ಸಣ್ಣ ಊರಾಗ ತಯಾರ್ ಮಾಡ್ತಾರ, ಚರ್ಮ ಶಿಕಾಗೋದ ಹಾರ್ವೀನ್ ಕಾರ್ಖಾನಿಂದ ಬರ್ತದ. ಅದು ತರಸ್ಬೇಕಂದ್ರ ರೊಕ್ಕ ಭಾಳ, ಮತ್ತ ನಮ್ಮ ಗ್ರೌಂಡ್ ಮ್ಯಾಲ ಆ ಚರ್ಮ ಹಾಳ್ ಮಾಡೋದು ಪಾಪ. ಕಲಿಯೋ ಹುಡುಗ್ರಿಗೆ ಕಾಂಪೋಸಿಟ್ ಸಾಕು, ಸಾಕಷ್ಟೇ ಅಲ್ಲ, ಇದೇ ಬೇಕು.

ಇನ್ನ ಮೇನ್ ವಿಷಯ. ಪಂಟ್ ಅಂದ್ರ ಎಲ್ಲಾರೂ ಕಾಲ್ ನೋಡ್ತಾರ. ಎಷ್ಟ್ ಮ್ಯಾಲ ಹೋಯ್ತು ಕಾಲು, ತೊಡಿ ಎಷ್ಟ್ ದಪ್ಪ ಅದ, ಹಿಂಗ. ಆದ್ರ ಪಂಟ್ ಆಗೋದು ಕೈಯಾಗ. ಬಲಗಾಲಿನವ ಇದ್ರ ಬಾಲ್ ಬಲಗೈಯಾಗ ಮುಂದ ಚಾಚಿ ಹಿಡಿಬೇಕು, ಲೇಸ್ ಮ್ಯಾಲ, ಮುಂದಿನ ತುದಿ ಒಂದೀಟು ಕೆಳಗ, ಒಂದೀಟು ಒಳಗ ತಿರಗಿರ್ಬೇಕು, ಆಮ್ಯಾಲ ಬಿಡಬೇಕು. ಮ್ಯಾಲ ಎಸಿಬಾರ್ದು, ಕೆಳಗ ತಳ್ಳಬಾರ್ದು. ನಮ್ಮ ಮನ್ಯಾಗ ಅವ್ವ ಬಡದ ಜ್ವಾಳದ ರೊಟ್ಟಿ ಹಂಚಿನ ಮ್ಯಾಲ ಬಿಡ್ತಾರಲ್ಲ, ರೊಟ್ಟಿ ಹ್ಯಾಂಗ ಕೈಯಾಗಿತ್ತೋ ಹಂಗೇ ಮಡಚ್ಲಾರದೇ ಹೋಗಿ ಕೂಡ್ತದ, ಬರೋಬ್ಬರಿ ಅದೇ ಕೈ. ಬಾಲ್ ಕೈ ಬಿಟ್ಟಾಗ ಯಾವ ಕೋನದಾಗ ಇತ್ತೋ ಅದೇ ಕೋನದಾಗ ಪಾದದ ಮ್ಯಾಲ ಬರಬೇಕು, ಲೇಸ್ ಕಟ್ಟೋ ಜಾಗದ ಗಟ್ಟಿ ಎಲುಬಿಗೆ ಬಾಲಿನ ಹೊಟ್ಟಿ ಬಡಿಬೇಕು. ಆವಾಗ ಒಂದ್ ದಪ್ಪ ಸಪ್ಪಳ ಬರ್ತದ, ಬಾಲ್ ತನ್ನ ಉದ್ದಕ್ಕ ಗರಗರ ತಿರಗ್ತಾ ಮ್ಯಾಲ ಹೋಗ್ತದ, ಪೂರಾ ಮ್ಯಾಲ ಹೋದಾಗ ಮೂಗು, ಅಂದ್ರ ಬಾಲಿನ ಮುಂದಿನ ತುದಿ, ಮಗಚಿ ಕೆಳಗ ಆಗ್ತದ. ಮೂಗು ಮಗಚಿತಂದ್ರ ದೂರ ಹೋಗ್ತದ, ಮಗಚಲಾರದೇ ನಿಂತ್ರ ಅಲ್ಲೇ ಸಾಯ್ತದ.

ನಮ್ಮ ಟೀಮಿನ ಗೋಲ್‌ಕೀಪರ್ ಹುಡುಗ, ಹತ್ತನೇ ಇಯತ್ತೆ, ಫುಟ್ಬಾಲ್ ಕೈಯಿಂದ ಬಿಟ್ಟು ಒದ್ರ ಸೆಂಟರ್ ಲೈನ್ ದಾಟ್ಸಿ ಹೊಡಿಯೋ ಪೋರ. ಅವನ ಕೈಯಾಗ ಇದು ಕೊಟ್ಟೆ. ದುಂಡ ಬಾಲ್ ಹ್ಯಾಂಗ ಬಿಟ್ರೂ ದುಂಡಗೇ ಇರ್ತದಲ್ಲ, ಅದು ನಿಮ್ಮ ಕೈಯಿನ ಕೆಟ್ಟ ಅಭ್ಯಾಸ ಎಲ್ಲಾ ಮುಚ್ಕೊಂಡ್ ಹೋಗ್ತದ, ಇದು ಮುಚ್ಚಲ್ಲ. ಮೊದಲ ಹೊಡದಿದ್ದು ತುದಿಗೆ ಬಡದು ಬಾಜೂ ಹೋಗಿ ಕಂಪೌಂಡ್ ಗೋಡಿಗೆ ಬಿತ್ತು. "ಸರ, ಇದು ಹಿಂಗ್ಯಾಕ ಹೋಗ್ತದ ರೀ?" ಅಂದ. "ಕಾಲ ಬಿಡು ತಮ್ಮಾ, ಕೈ ನೋಡ್ಕೋ" ಅಂದೆ. ಆಮ್ಯಾಲ ಒದಿಯೋದೇ ಬಂದ್ ಮಾಡ್ಸಿ, ಬರೇ ಬಾಲ್ ಬಿಡೋದು ಮಾಡ್ಸಿದೆ. ನೆಲದ ಮ್ಯಾಲ ಸುಣ್ಣದ್ದೊಂದು ಗೆರಿ, ಕೈ ಚಾಚಿ ಬಿಡೋದು, ಬಾಲ್ ಬಿದ್ದ ಮ್ಯಾಲ ಪುಟದು ಯಾವ ಕಡಿ ಹೋಗ್ತದ ನೋಡೋದು. ಸರಿ ಬಿಟ್ಟಿದ್ರ ಒಂದೇ ಕಡಿ ಪುಟಿತದ, ಬೆರಳಿಗೆ ಸಿಕ್ಕಿ ತಿರಗಿದ್ರ ಒಂದೊಂದ್ ಸಲ ಒಂದೊಂದ್ ಕಡಿ ಓಡ್ತದ. ಇದಕ್ಕ ಜಾಗ ಬೇಕಿಲ್ಲ, ಮನಿ ಅಂಗಳದಾಗ ಮಾಡಬಹುದು. ಈಗ ಆ ಪೋರ ಫುಟ್ಬಾಲ್ ಮ್ಯಾಚಿನ್ಯಾಗ ಒದಿಯೋದೂ ಸೀದಾ ಆಗ್ಯದ, ಇದು ನನ್ನ ಕಣ್ಣಿಲೇ ಕಂಡಿದ್ದು ಹೇಳ್ಲತ್ತೀನಿ.

ಪಂಟರ್ ಅಂದ್ರ ಮೊದಲ ಹೆಸರು ರೇ ಗೈ. ಜಾರ್ಜಿಯಾ ರಾಜ್ಯದವ. 1973 ರ ಡ್ರಾಫ್ಟ್ ದಾಗ, ಅಂದ್ರ ಟೀಮ್‌ಗೋಳು ಪಾಳಿ ಪ್ರಕಾರ ಹೊಸಾ ಆಟಗಾರ್ರನ್ನ ಆರಸೋದ್ರಾಗ, ಓಕ್ಲೆಂಡ್ ರೈಡರ್ಸ್ ಅವನ್ನ ಮೊದಲನೇ ರೌಂಡಿನ್ಯಾಗೇ ತಗೊಂಡ್ರು, 23ನೇ ನಂಬರಿಗೆ. ಬರೇ ಒದಿಯೋನ ಸಲುವಾಗಿ ಮೊದಲನೇ ರೌಂಡ್ ಖರ್ಚ ಮಾಡೋದು ಅಂದ್ರ ಆವಾಗ ಮಂದಿಗೆ ನಂಬ್ಲಾಕ ಆಗಿರ್ಲಿಲ್ಲ. 1986 ರ ತನಕ 14 ಸೀಸನ್ ಆಡ್ದ, 207 ಮ್ಯಾಚ್, ಒಂದೂ ತಪ್ಪಸ್ಲಿಲ್ಲ, ಮೂರ್ ಸಲ ಸೂಪರ್ ಬೌಲ್, ಅಂದ್ರ ಎನ್ಎಫ್ಎಲ್ ಫೈನಲ್, ಗೆದ್ದ. 1976 ರ ಪ್ರೊ ಬೌಲ್ ಅನ್ನೋ ಆಲ್‌ಸ್ಟಾರ್ ಮ್ಯಾಚಿನ್ಯಾಗ ನ್ಯೂ ಓರ್ಲಿಯನ್ಸ್ ಸೂಪರ್‌ಡೋಮ್ ಒಳಗ ಅವ ಹೊಡ್ದ ಪಂಟ್ ಮ್ಯಾಲ ಜೋತುಬಿಟ್ಟ ದೊಡ್ಡ ಸ್ಕ್ರೀನಿಗೆ ಬಡದಿತ್ತು. ಇವನ ಬಾಲ್ ಅಷ್ಟ್ ಹೊತ್ತು ಗಾಳ್ಯಾಗ ಯಾಕ ಇರ್ತದ ಅಂತ ಹೂಸ್ಟನ್ ಟೀಮಿನವ್ರಿಗೆ ಡೌಟ್ ಬಂದು ಒಳಗ ಹೀಲಿಯಂ ತುಂಬ್ಯಾರೇನೋ ಅಂತ ಬಾಲ್ ಒಯ್ದು ಪರೀಕ್ಷಾ ಮಾಡ್ಸ್ಯಾರ! ಒಳಗ ಸಾದಾ ಗಾಳೀನೇ ಇತ್ತು. ಆ ಹೊತ್ತಿಗೆ ಹ್ಯಾಂಗ್ ಟೈಮ್ ಅಂತಾರ, ಬಾಲ್ ಕಾಲ್ ಬಿಟ್ಟ ಮ್ಯಾಲ ಕೆಳಗ ಬರೋತನ ಎಷ್ಟ್ ಸೆಕೆಂಡ್ ಅನ್ನೋದು. 4.5 ಸೆಕೆಂಡ್ ದಾಟ್ತಂದ್ರ ಛೊಲೋ ಪಂಟ್, ಯಾಕಂದ್ರ ಅಷ್ಟರಾಗ ನಿಮ್ಮ ಟೀಮಿನವ್ರು ಓಡಿಹೋಗಿ ಅಲ್ಲಿ ಹಿಡಿಯೋನ ಸುತ್ತ ನಿಂತಿರ್ತಾರ. ಬರೇ ದೂರ ಹೊಡದು ಬಾಲ್ ಲಗೂ ಕೆಳಗ ಬಂತಂದ್ರ ಅವ ಹಿಡ್ಕೊಂಡು ವಾಪಸ್ ಓಡಿ ಬರ್ತಾನ, ನಿಮ್ಮ ದೂರ ಎಲ್ಲಾ ನೀರಾಗ ಹೋಯ್ತು.

ಇದ್ರ ಮ್ಯಾಲ ಒಂದ್ ಲೆಕ್ಕ ಹೇಳ್ತೀನಿ. ರೇ ಗೈ ಕರಿಯರ್ ಸರಾಸರಿ ಒಂದ್ ಪಂಟಿಗೆ 42.4 ಯಾರ್ಡ್. ಆಮ್ಯಾಲ ಅದೇ ರೈಡರ್ಸ್ ಟೀಮಿಗೆ 2000 ದಾಗ ಬಂದ ಶೇನ್ ಲೆಕ್ಲರ್, 18 ಸೀಸನ್ ಆಡ್ದವ, ಅವನ ಸರಾಸರಿ 47.6. ಬರೇ ನಂಬರ್ ನೋಡಿದ್ರ ಲೆಕ್ಲರ್ ಭಾಳ ಮುಂದ. ಆದ್ರೂ ಬರೇ ಪಂಟರ್ ಅಂತ ಹಾಲ್ ಆಫ್ ಫೇಮ್ (ದೊಡ್ಡ ಆಟಗಾರ್ರ ಗೌರವದ ಪಟ್ಟಿ) ಒಳಗ ಮೊದಲ ಹೋದವ ರೇ ಗೈ, 2014 ದಾಗ, ಅದೂ ಆಟ ಬಿಟ್ಟು 28 ವರ್ಷ ಆದ ಮ್ಯಾಲ. ಇಷ್ಟ್ ವರ್ಷ ಯಾಕ ಕಾಯ್ಸಿದ್ರು ಅಂದ್ರ ಪಂಟರ್ ಕೆಲಸ ಕೆಲಸಾನೇ ಅಲ್ಲ ಅನ್ನೋ ಮಂದಿ ಭಾಳ ಇದ್ರು, ಇದು ನನಗ ಖರೇನೇ ಸಿಟ್ಟ ತರೋ ವಿಷಯ. 1984 ಜನವರಿ ಸೂಪರ್ ಬೌಲ್ ದಾಗ ಅವಂಗ ಬಂದ ಸ್ನ್ಯಾಪ್ ತಲಿಮ್ಯಾಲಿಂದ ಹೋಗ್ಲತ್ತಿತ್ತು, ಹಾರಿ ಒಂದೇ ಕೈಯಾಗ ಹಿಡದು, ಇಳದು, ಹಂಗೇ ಪಂಟ್ ಹೊಡದ. ಅದು ಕಾಲಿನ ಕೆಲಸ ಅಂತ ಯಾರರೆ ಹೇಳ್ರಿ ನೋಡೋಣ.

ಈಗ ಗಾಳಿ ಮತ್ತ ಬಿಸಲು, ಇದು ನಮ್ಮ ಕಡಿಯವ್ರು ಓದ್ಲೇಬೇಕು. ಬಾಲಿಗೆ 12.5 ರಿಂದ 13.5 ಪಿಎಸ್‌ಐ ಗಾಳಿ ಬೇಕು. ನನಗ ಬಂದಿದ್ದು ಪೂರಾ ಗಾಳಿ ಇಳದು ಚಪ್ಪಟಿ ಆಗಿದ್ದು, ಅದು ನಡಿತದ, ಪಾರ್ಸಲ್ ನ್ಯಾಗ ಹಂಗೇ ಕಳಸ್ತಾರ. ಆದ್ರ ಲಿಸ್ಟಿಂಗ್ ಒಳಗ ಗಾಳಿ ತುಂಬೋ ಪಿನ್ ಜೊತಿ ಬರ್ತದ ಅಂತ ಬರ್ದಿದ್ರು, ಡಬ್ಬಿ ಒಳಗ ಪಿನ್ ಇಲ್ಲ. ಮಾರಿದವ್ರಿಗೆ ಮೆಸೇಜ್ ಹಾಕಿದ್ರ ಇಡೀ ಬಾಲ್ ರಿಟರ್ನ್ ಮಾಡ್ರಿ ಅಂತಾರ, ಒಂದ್ ಪಿನ್ ಕಳಸ್ಲಾಕ ಅವ್ರಿಗೆ ಆಗಲ್ಲ! ಅದ್ಕೇ ಆ ಒಂದ್ ಸ್ಟಾರ್ ಹೋಯ್ತು. ಸುಪರ್ ಮಾರ್ಕೆಟ್ ಕಡಿ ಸ್ಪೋರ್ಟ್ಸ್ ಅಂಗಡಿಯೊಳಗ ನಮ್ಮ ಫುಟ್ಬಾಲ್ ಪಿನ್ನೇ ತಗೊಂಡೆ, ಅದೇ ಇದಕ್ಕೂ ಬರೋಬ್ಬರಿ ಕೂಡ್ತದ, ಬ್ಯಾರೇದೇನೂ ಹುಡಕಬ್ಯಾಡ್ರಿ. ಅಂಗಡಿ ಕಾಕಾ ಬಾಲ್ ಕೈಯಾಗ ತಗೊಂಡು ತಿರಗ್ಸಿ ತಿರಗ್ಸಿ ನೋಡಿ, ಪಿನ್ನಿಗೆ ಜರಾ ಎಣ್ಣಿ ಹಚ್ಚಿ ಹಾಕ್ರಿ ಮಾಸ್ತರ, ಒಣ ಪಿನ್ ಹಾಕಿದ್ರ ವಾಲ್ವ್ ಹರಿತದ ಅಂದ್ರು. ಖರೆ ಮಾತು ಅದು.

ಕೈಪಂಪಿಲೇ ಹೊಡೀರಿ, ಪಂಚರ್ ಅಂಗಡಿ ಕಂಪ್ರೆಸರ್ ಹತ್ರ ಒಯ್ಬ್ಯಾಡ್ರಿ, ಅವ್ರದು ಗಾಡಿ ಟೈರಿನ ಲೆಕ್ಕ, 30 ಪಿಎಸ್‌ಐ ಒಂದೇ ಸಲ ನುಗ್ಗಿದ್ರ ಒಳಗಿನ ಬ್ಲಾಡರ್ ಹೋಗ್ತದ. ಮತ್ತ ಏಪ್ರಿಲ್ ಮೇ ದಾಗ ಇಲ್ಲಿ 42 ಡಿಗ್ರಿ ಸಾದಾ ಮಾತು. ಮುಂಜಾನಿ ನೆಳ್ಳಾಗ 25 ಡಿಗ್ರಿಗೆ 13 ತುಂಬಿ ಬಾಲ್ ಬಿಸಲಾಗ ಇಟ್ರ, ಒಳಗಿನ ಗಾಳಿ 45 ಡಿಗ್ರಿ ಆಯ್ತಂದ್ರ ಹೆಚ್ಚುಕಡಿಮಿ 2 ಪಿಎಸ್‌ಐ ತಾನೇ ಏರ್ತದ, 15 ಹತ್ರ ಹೋಯ್ತು. ಬಾಲ್ ಕಲ್ಲ ಆಗ್ತದ, ಪಾದಕ್ಕ ಬಡಿತದ, ಹೊಲಿಗಿ ಬಿಚ್ಲಾಕ ಶುರು ಆಗ್ತದ. ನಾ ಬ್ಯಾಸಗ್ಯಾಗ 12 ಅಷ್ಟೇ ತುಂಬ್ತೀನಿ, ಮತ್ತ ಬಾಲ್ ಹಸೀ ಅರಬಿಯೊಳಗ ಸುತ್ತಿ ಗಿಡದ ನೆಳ್ಳಾಗ ಇಡ್ತೀನಿ. ಅಮೆರಿಕಾದಾಗ ಒಂದ್ ಕಾಲಕ್ಕ ಒದಿಯೋರು ಬಾಲ್ ಮೆತ್ತಗ ಮಾಡ್ಲಾಕ ಏನೇನೋ ಕಸರತ್ತು ಮಾಡ್ತಿದ್ರು, ಅದನ್ನ ತಡಿಲಾಕ 1999 ರಿಂದ ಒದಿಲಾಕಂತಲೇ ಬ್ಯಾರೇ ಹೊಸಾ ಬಾಲ್ ಇಡಲಾಕ ಶುರು ಮಾಡಿದ್ರು ಎನ್ಎಫ್ಎಲ್ ದವ್ರು. ಹೊಸಾ ಬಾಲ್ ಗಟ್ಟಿ ಇರ್ತದ, ಹಳೇದು ಹಿಗ್ಗಿ ಮೆತ್ತಗಾಗಿರ್ತದ, ಮೆತ್ತಂದು ದೂರ ಹೋಗ್ತದ, ಇದು ನಿಮಗೂ ಒಂದ್ ತಿಂಗಳ ಹೊಡದ ಮ್ಯಾಲ ಗೊತ್ತಾಗ್ತದ. ಆದ್ರಿಂದ ಮೊದಲನೇ ವಾರದಾಗ ಬಾಲ್ ಗಟ್ಟಿ ಅದ ಅಂತ 2 ಸ್ಟಾರ್ ಕೊಟ್ಟವ್ರ ರಿವ್ಯೂ ನಂಬಬ್ಯಾಡ್ರಿ.

ಗ್ರೌಂಡ್ ವಿಷಯ. ಮನಿ ಮುಂದ ಶಹಾಬಾದ್ ಫರ್ಸಿ ಹಾಕಿದ್ದ ಅಂಗಳದಾಗ ಒದ್ದು ಆಡಬ್ಯಾಡ್ರಿ, ಅಲ್ಲಿ ಬಿದ್ದು ಜಾರಿದ್ರ ಉಬ್ಬೆಲ್ಲಾ ಸವದು ನುಣ್ಣಗಾಗ್ತದ, ಬಿಡೋ ಪ್ರಾಕ್ಟೀಸಿಗೂ ಕೆಳಗ ಒಂದ್ ಹಳೇ ತಟ್ಟು ಹಾಸ್ಕೋರಿ. ಮಳಿ ಬಂದ ಮ್ಯಾಲ ಕರಿಮಣ್ಣಿನ ಗ್ರೌಂಡಿಗೆ ಅಂತೂ ಇಳಿಲೇಬ್ಯಾಡ್ರಿ, ಆ ಮಣ್ಣ ಉಬ್ಬಿನ ನಡಬರಕ ಹೋಗಿ ಕೂತ್ರ ಒಣಗಿದ ಮ್ಯಾಲ ಸಿಮೆಂಟ್ ಆಗ್ತದ, ಬಾಲ್ 50 ಗ್ರಾಂ ಭಾರ ಆಗ್ತದ, ತಿಕ್ಕಿ ತೆಗಿಯೋದ್ರಾಗ ಲೇಸ್ ಹರಿತದ. ಹಸೀ ಇದ್ದಾಗ್ಲೇ ಅರಬಿಲೇ ಒರಸ್ಕೋರಿ. ಛೊಲೋ ಅಂದ್ರ ಹುಲ್ಲಿರೋ ಕಡಿ, ಚಂದ್ರಶೇಖರ ಪಾಟೀಲ ಸ್ಟೇಡಿಯಂ ಕಡಿ ಮುಂಜಾನಿ ಬಡಾ ಹೋದ್ರ ವಾಕಿಂಗ್ ಮಂದಿ ಬಿಟ್ರ ಯಾರೂ ಇರಲ್ಲ, ಆದ್ರ ಅವ್ರ ತಲಿಮ್ಯಾಲ ಬೀಳಲಾರದಂಗ ಹೊಡೀಬೇಕು ಮತ್ತ. ಆಷಾಢದ ಗಾಳ್ಯಾಗ ಹೊಡ್ದು ನೋಡೋದು ಛೊಲೋ ಪಾಠ, ಗಾಳಿ ಎದುರು ಇದ್ರ ಮೂಗು ಇನ್ನೊಂದೀಟು ಕೆಳಗ ಇಟ್ಟು ಬಾಲ್ ತಗ್ಗ ಹೊಡಿಬೇಕು, ಗಾಳಿ ಹಿಂದ ಇದ್ರ ಎತ್ತಿ ಹೊಡಿಬೇಕು. ಎನ್ಎಫ್ಎಲ್ ನ್ಯಾಗ ಎಲ್ಲಕ್ಕಿಂತ ಉದ್ದ ಪಂಟ್ 98 ಯಾರ್ಡ್, ನ್ಯೂಯಾರ್ಕ್ ಜೆಟ್ಸ್ ದ ಸ್ಟೀವ್ ಓನೀಲ್ ಹೊಡದಿದ್ದು, 1969 ಸೆಪ್ಟೆಂಬರ್ ದಾಗ ಡೆನ್ವರ್ ಊರಾಗ. ಡೆನ್ವರ್ ಸಮುದ್ರಮಟ್ಟದಿಂದ 1600 ಮೀಟರ್ ಮ್ಯಾಲ ಅದ, ಅಲ್ಲಿ ಗಾಳಿ ತೆಳ್ಳಗ, ಬಾಲಿಗೆ ತಡಿ ಕಡಿಮಿ. ತನ್ನ ಕಡಿ 1 ಯಾರ್ಡ್ ಗೆರಿಂದ ಹೊಡದಿದ್ದು ಅಲ್ಲಿ ಹಿಡಿಯೋನ ತಲಿಮ್ಯಾಲಿಂದ ಹೋಗಿ ಬಿದ್ದು, ಉರುಳಿ ಉರುಳಿ ಆ ಕಡಿ 1 ಯಾರ್ಡ್ ಗೆರಿ ಹತ್ರ ನಿಂತದ. ಇದ್ಕಿಂತ ಉದ್ದ ಹೊಡಿಲಾಕ ಬರೋದು ಬರೇ ಒಂದ್ ಯಾರ್ಡ್ ಅಷ್ಟೇ, ಜಾಗಾನೇ ಇಲ್ಲ!

ಫುಟ್ಬಾಲ್ ಹುಡುಗ್ರಿಗೆ ನಾ ಈ ಬಾಲ್ ಯಾಕ ಹೇಳ್ಲತ್ತೀನಿ ಅಂದ್ರ ಈ ಕೆಲಸದಾಗ ಹೊರಗಿನವ್ರಿಗೆ ಬಾಗಲ ತಗದದ. ಆಸ್ಟ್ರೇಲಿಯಾದ ಡ್ಯಾರೆನ್ ಬೆನೆಟ್ ಅಂತ ಇದ್ದ, ಅವ್ರ ದೇಶದ ಆಸ್ಟ್ರೇಲಿಯನ್ ರೂಲ್ಸ್ ಫುಟ್ಬಾಲ್ ಆಡ್ದವ. 1995 ದಾಗ ಸ್ಯಾನ್ ಡಿಯಾಗೋ ಚಾರ್ಜರ್ಸ್ ಟೀಮಿಗೆ ಬಂದ, ಅವ್ರ ಕಡಿ ಆಟದಾಗ ಒದಿಯೋ ಡ್ರಾಪ್ ಪಂಟ್ ಎನ್ಎಫ್ಎಲ್ ಗೆ ತಂದ, ಅದ್ರಾಗ ಬಾಲ್ ಸುರುಳಿ ತಿರಗಲ್ಲ, ತುದಿಗೆ ಒದ್ದ ಬಾಲ್ ಹಿಂದಹಿಂದಕ್ಕ ಲಾಗಾ ಹಾಕ್ತಾ ಹೋಗ್ತದ, ಬಿದ್ದ ಮ್ಯಾಲ ಮುಂದ ಓಡಲ್ಲ, ನಿಲ್ತದ ಇಲ್ಲಾ ಹಿಂದ ಬರ್ತದ. ಎದುರಿನವ್ರ ಗೋಲ್ ಗೆರಿ ಹತ್ರ ಬಾಲ್ ನಿಂದ್ರಸ್ಲಾಕ ಇದ್ಕಿಂತ ಛೊಲೋ ಹತ್ಯಾರ ಇಲ್ಲ, ಯಾಕಂದ್ರ ಬಾಲ್ ಗೆರಿ ದಾಟಿ ಎಂಡ್ ಝೋನ್ ಒಳಗ ಹೋಯ್ತಂದ್ರ ಅವ್ರಿಗೆ 20 ಯಾರ್ಡ್ ಪುಕ್ಕಟೆ ಸಿಗ್ತದ. ಈಗ ಮೆಲ್ಬರ್ನ್ ದಾಗ ಪ್ರೋಕಿಕ್ ಆಸ್ಟ್ರೇಲಿಯಾ ಅಂತ ಒಂದ್ ಕೋಚಿಂಗ್ ಅದ, ಅಲ್ಲಿಂದ ಹುಡುಗ್ರು ಸೀದಾ ಅಮೆರಿಕಾದ ಕಾಲೇಜಿಗೆ ಸ್ಕಾಲರ್‌ಶಿಪ್ ಮ್ಯಾಲ ಹೋಗ್ತಾರ. ಮೈಕಲ್ ಡಿಕ್ಸನ್ ಹಂಗೇ ಹೋದವ, ಟೆಕ್ಸಾಸ್ ದಾಗ ಓದಿ, 2018 ದಾಗ ಸಿಯಾಟಲ್ ಟೀಮ್ ಐದನೇ ರೌಂಡಿನ್ಯಾಗ ತಗೊಂಡ್ತು. 2021 ಅಕ್ಟೋಬರ್ ದಾಗ ಲಾಸ್ ಏಂಜಲೀಸ್ ರಾಮ್ಸ್ ಮ್ಯಾಚಿನ್ಯಾಗ ಅವನ ಪಂಟ್ ಬ್ಲಾಕ್ ಆಯ್ತು, ನೆಲಕ್ಕ ಬಿದ್ದಿದ್ದು ಓಡಿಹೋಗಿ ಎತ್ಕೊಂಡು, ಬಾಜೂಕ ಓಡ್ತಾ, ಮತ್ತೊಂದ್ ಸಲ ಹೊಡದ, ಅದೂ 68 ಯಾರ್ಡ್ ಹೋಯ್ತು. ಹುಡುಗ್ರಿಗೆ ಮೊಬೈಲಿನ್ಯಾಗ ಆ ತುಕ್ಡಾ ತೋರ್ಸಿದ್ರ ಬಾಯ್ ತಕ್ಕೊಂಡ್ ನೋಡ್ತಾರ, ನೀವೂ ತೋರಸ್ರಿ, ಬಾಲ್ ಮ್ಯಾಲ ಪ್ರೀತಿ ಹುಟ್ಟೋದೇ ಅಲ್ಲಿಂದ. ಈ ಡ್ರಾಪ್ ಪಂಟಿಗೆ ನಾ ತಗೊಂಡ ಬಾಲಿನ ತುದಿ ಜರಾ ಭಾಳ ಚೂಪು ಅನ್ನಸ್ತು, ಕ್ಯಾನ್ವಾಸ್ ಶೂ ಹಾಕಿ ಹೊಡದ್ರ ಹೆಬ್ಬೆರಳಿಗೆ ನೋವಾಗ್ತದ. ಫುಟ್ಬಾಲ್ ಸ್ಟಡ್ ಹಾಕಿ, ಲೇಸ್ ಬಿಗಿ ಕಟ್ಟಿ ಹೊಡೀರಿ.

ವಯಸ್ಸಿನ ಮಾತು. ನಮ್ಮ ಊರಾಗ 30 ಆಯ್ತಂದ್ರ ಇನ್ನೇನ್ ಆಡ್ತಿಯೋ ಅಂತಾರ ಮಂದಿ. ಜೆಫ್ ಫೀಗಲ್ಸ್ ಅನ್ನೋ ಪಂಟರ್ 1988 ದಾಗ ಪೇಟ್ರಿಯಟ್ಸ್ ಟೀಮಿಗೆ ಬಂದ, ಡ್ರಾಫ್ಟ್ ದಾಗ ಅವನ್ನ ಯಾರೂ ತಗೊಂಡಿದ್ದಿಲ್ಲ. ಅಲ್ಲಿಂದ ಫಿಲಡೆಲ್ಫಿಯಾ, ಅರಿಝೋನಾ, ಸಿಯಾಟಲ್, ಕಡಿಗೆ ನ್ಯೂಯಾರ್ಕ್ ಜೈಂಟ್ಸ್. 22 ಸೀಸನ್, ಸತತ 352 ಮ್ಯಾಚ್, ಒಂದೇ ಒಂದೂ ಬಿಡ್ಲಿಲ್ಲ, 1713 ಪಂಟ್. 41ನೇ ವಯಸ್ಸಿನ್ಯಾಗ, 2008 ಫೆಬ್ರವರಿ ದಾಗ ಮೊದಲನೇ ಸಲ ಸೂಪರ್ ಬೌಲ್ ಗೆದ್ದ, ಅದೂ ಆ ಸೀಸನ್ ಅಲ್ಲೀತನ ಒಂದೂ ಸೋಲಲಾರದೇ ಬಂದಿದ್ದ ಪೇಟ್ರಿಯಟ್ಸ್ ಮ್ಯಾಲ, ತನ್ನ ಮೊದಲನೇ ಟೀಮಿನ ಮ್ಯಾಲ, 17-14. ಫೀಗಲ್ಸ್ ಭಾಳ ದೂರ ಹೊಡಿಯೋನಲ್ಲ. ಅವನ ಕೈಚಳಕ ಎಲ್ಲಾ ಕಾಫಿನ್ ಕಾರ್ನರ್ ಅಂತಾರಲ್ಲ ಆ ಮೂಲ್ಯಾಗ, ಬಾಜೂ ಗೆರಿ ಮತ್ತ ಗೋಲ್ ಗೆರಿ ಕೂಡೋ ಜಾಗದಾಗ ಬಾಲ್ ಹೊರಗ ಹಾಕೋದು. ಹಿಡಿಯೋನ ಕೈಗೇ ಸಿಗ್ಲಿಲ್ಲಂದ್ರ ಅವ ಓಡೋದೆಲ್ಲಿಂದ. ಇದು ನಾವು ಕಾರ್ನರ್ ಫ್ಲ್ಯಾಗ್ ಇಟ್ಟು ಮಾಡ್ತೀವಿ, ಸೆಂಟರ್ ಲೈನ್ ಮ್ಯಾಲ ನಿಂತು ಫ್ಲ್ಯಾಗ್ ಹತ್ರ ಹೊರಗ ಬೀಳಂಗ ಹೊಡಿಯೋದು, ನಡಬರಕಿಂದ ಅಲ್ಲೀತನ 60 ಮೀಟರ್ ಮ್ಯಾಲ ಆಗ್ತದ, ಹುಡುಗ್ರಿಗೆ ಭಾರ, ಜರಾ ಮುಂದ ಬಂದು 40 ಮೀಟರಿಂದ ಶುರು ಮಾಡ್ರಿ. ಇಲ್ಲೇ ಬಾಲಿನ ಗುಣ ಗೊತ್ತಾಗೋದು, ಒಂದೇ ತರ ಬಿಟ್ರ ಒಂದೇ ತರ ಹೋಗ್ತದ, ನನ್ನ ಬಾಲ್ ಹೋಗ್ಲತ್ತದ.

ಇನ್ನೊಂದ್ ಕೆಲಸ ಮಂದಿಗೆ ಕಾಣ್ಸೋದೇ ಇಲ್ಲ. ಪಾಯಿಂಟ್ ಸಲುವಾಗಿ ಕಿಕ್ಕರ್ ನೆಲದಿಂದ ಒದಿಯೋವಾಗ ಬಾಲ್ ನಿಂದ್ರಸಿ ಹಿಡಿಯೋವ ಒಬ್ಬವ ಮೊಣಕಾಲ ಊರಿ ಕೂತಿರ್ತಾನಲ್ಲ, ಹೋಲ್ಡರ್, ಅವನೂ ಸಾಮಾನ್ಯವಾಗಿ ಪಂಟರೇ. ಟೆನೆಸ್ಸಿ ಟೈಟನ್ಸ್ ದಾಗ ಆಡ್ತಿದ್ದ ರಾಯನ್ ಸ್ಟೋನ್‌ಹೌಸ್ ಅಂತ ಪೋರ, ಇವನ್ನೂ ಡ್ರಾಫ್ಟ್ ದಾಗ ಯಾರೂ ತಗೊಂಡಿಲ್ಲ, 2022 ದಾಗ ತನ್ನ ಮೊದಲನೇ ಸೀಸನ್ನಿನ್ಯಾಗೇ ಸರಾಸರಿ 53.1 ಯಾರ್ಡ್ ಹೊಡದು 1940 ರಿಂದ ಸ್ಯಾಮಿ ಬಾ ಅನ್ನೋ ಆಟಗಾರನ ಹೆಸರಿನ ಮ್ಯಾಲಿದ್ದ 51.4 ರ ದಾಖಲೆ ಮುರದ. ಮುಂದಿನ ವರ್ಷ ಡಿಸೆಂಬರ್ ದಾಗ ಇಂಡಿಯಾನಾಪೊಲಿಸ್ ಟೀಮಿನ ಮ್ಯಾಲ ಆಡೋವಾಗ ಪಂಟ್ ಬ್ಲಾಕ್ ಆಗಿ, ಮೈಮ್ಯಾಲ ಬಿದ್ದು ಅವನ ಕಾಲ್ ಹೋಯ್ತು. ಹೊರಗ ಒಯ್ದ್ರು. ಆಮ್ಯಾಲ ಟೈಟನ್ಸ್ ಟಚ್‌ಡೌನ್ ಹೊಡದು ಸ್ಕೋರ್ ಸಮ ಮಾಡ್ತು, ಟಚ್‌ಡೌನ್ ಆದ ಮ್ಯಾಲ ಸಿಗೋ ಬರೇ ಒಂದ್ ಪಾಯಿಂಟಿನ ಕಿಕ್ ಹೊಡದ್ರ ಮುಂದ ಹೋಗ್ತಿದ್ರು, ಹೋಲ್ಡ್ ಮಾಡ್ಲಾಕ ಸ್ಟೋನ್‌ಹೌಸ್ ಇಲ್ಲ, ಕ್ವಾರ್ಟರ್‌ಬ್ಯಾಕ್ ಒಬ್ಬವ ಕೂತ, ಕಿಕ್ ತಪ್ಪಿತು, ಮ್ಯಾಚ್ ಓವರ್‌ಟೈಮಿಗೆ ಹೋಗಿ 31-28 ಸೋತ್ರು. ಆ ದಿನ ಟೈಟನ್ಸ್ ಗೆ ಕಡಿಮಿ ಬಿದ್ದಿದ್ದು ಅವನ ಕಾಲ್ ಒಂದೇ ಅಲ್ಲ, ಅವನ ಎರಡು ಕೈ. ನಮ್ಮ ಹುಡುಗ್ರಿಗೂ ಇದೇ ಬಾಲಿಲೇ ಹೋಲ್ಡ್ ಮಾಡೋದು ಕಲಸ್ಲತ್ತೀನಿ, ಒಬ್ಬವ ಎಸಿಬೇಕು, ಒಬ್ಬವ ಹಿಡದು ಲೇಸ್ ಮುಂದ ಮಾಡಿ ತುದಿಮ್ಯಾಲ ನಿಂದ್ರಸ್ಬೇಕು, ಒಂದ್ ಬೆರಳ ಮ್ಯಾಲ. ಕಾಂಪೋಸಿಟ್ ಬಾಲ್ ತುದಿಮ್ಯಾಲ ಛೊಲೋ ನಿಲ್ತದ, ರಬ್ಬರಿನ್ದು ಪುಟಿತದ.

ತಗೊಳ್ಳೋರಿಗೆ ಇನ್ನ ಉಳದಿದ್ದು ಸೈಜ್. 14 ದಾಟಿದ ಹುಡುಗ್ರಿಗೆ ಮಾತ್ರ ಆಫೀಶಿಯಲ್ ಸೈಜ್ ತಗೋರಿ. 12 ರಿಂದ 14 ರವ್ರಿಗೆ ಯೂತ್, 9 ರಿಂದ 12 ರವ್ರಿಗೆ ಜೂನಿಯರ್ ಅಂತ ಬರ್ತಾವ, ಸಣ್ಣ ಕೈಗೆ ದೊಡ್ಡ ಬಾಲ್ ಕೊಟ್ರ ಒಂದ್ ಕೈಯಾಗ ಹಿಡಿಲಾಕ ಆಗಲ್ಲ, ಎರಡು ಕೈ ಹಚ್ತಾರ, ಬಿಡೋದು ಅಲ್ಲೇ ಕೆಡ್ತದ. ಆರ್ಡರ್ ಮಾಡೋವಾಗ ಫೋಟೋ ನೋಡಿ ತಗೋಬ್ಯಾಡ್ರಿ, ಕೆಲವೊಂದು ರಗ್ಬಿ ಬಾಲಿಗೂ ಅಮೆರಿಕನ್ ಫುಟ್ಬಾಲ್ ಅಂತ ಹೆಸರ್ ಹಚ್ಚಿ ಮಾರ್ತಾರ, ರಗ್ಬಿದಕ್ಕ ಲೇಸ್ ಇರಲ್ಲ, ತುದಿ ಬೋಳ ಇರ್ತಾವ, ಅದು ನೋಡ್ಕೋರಿ. ಕೆಳಗ ವಿವರದಾಗ ಕಾಂಪೋಸಿಟ್ ಅಂತ ಬರ್ದಿರಬೇಕು, ತೂಕ ಗ್ರಾಂನ್ಯಾಗ ಬರ್ದಿರಬೇಕು. ಪಿನ್ ಬ್ಯಾರೇ ತಗೋರಿ, ಎರಡು ತಗೋರಿ, ಒಂದ್ ಮುರೀತದ. ಮತ್ತ ಕಲಬುರ್ಗಿಯೊಳಗ ಇದ್ದು ಇದೇ ಬಾಲ್ ತಗೊಂಡವ್ರು ಯಾರರೆ ಇದ್ರ ಕೆಳಗ ಹಾಕ್ರಿ, ಸ್ನ್ಯಾಪ್ ಎಸಿಯೋ ಹುಡುಗ ನಮಗ ಒಬ್ಬವ ಬೇಕಾಗ್ಯಾನ, ಐತವಾರ ಮುಂಜಾನಿ ಬಂದ್ರ ಚಹಾ ನಂದೇ.